ದಂಶಕಗಳ ಹಲ್ಲಿನ ಬೆಳವಣಿಗೆ ಮತ್ತು ಆಹಾರದ ಖನಿಜಾಂಶಗಳು

ಹಲ್ಲು ಗಟ್ಟಿಯಾಗಬೇಕಾದರೆ ಸುಣ್ಣಾಂಶ ಸೇವಿಸಬೇಕು, ಗರ್ಭಿಣಿಯು ಸಾಕಷ್ಟು ಸುಣ್ಣಾಂಶ ಸೇವಿಸದಿದ್ದರೆ ಮಗು ಅದನ್ನು ತಾಯಿಯ ಹಲ್ಲಿನಿಂದಲೇ ಹೀರಿಕೊಳ್ಳುತ್ತದೆ ಎಂಬ ನಂಬಿಕೆ ಜನಸಾಮಾನ್ಯರಲ್ಲಷ್ಟೇ ಅಲ್ಲ, ಆರೋಗ್ಯವನ್ನು ಕುರಿತ ಜನಪ್ರಿಯ ಬರಹಗಳಲ್ಲಿಯೂ ಬೇರೂರಿದೆ. ಇದರ ಮೊದಲ ಭಾಗ ಅರ್ಧಸತ್ಯ, ಎರಡನೆಯ ಭಾಗ ಅಸತ್ಯ. ಇದು ಸ್ಪಷ್ಟವಾದದ್ದು ಬಹುಮಟ್ಟಿಗೆ ಇಲಿಯ ಬಾಚಿಹಲ್ಲಿನ ಅಧ್ಯಯನದಿಂದ. ಇಪ್ಪತ್ತನೆಯ ಶತಮಾನದ ಆರಂಭದಿಂದ ಪೋಷಣಶಾಸ್ತ್ರಜ್ಞರು ಬಿಳಿ ಇಲಿಯ ಆಹಾರದಿಂದ ಒಂದೊಂದೇ ಖನಿಜವನ್ನು ತೆಗೆದು ಅಥವಾ ಹೆಚ್ಚಿಸಿ, ಹಲ್ಲಿನಲ್ಲಿ ಮೂಡಿದ ಗುರುತುಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ಓದುತ್ತ ಬಂದಿದ್ದಾರೆ. ಆ ಗುರುತುಗಳು ಏನನ್ನು ಹೇಳುತ್ತವೆ, ಎಷ್ಟನ್ನು ಮಾತ್ರ ಹೇಳಬಲ್ಲವು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಬಾಚಿಹಲ್ಲಿನ ರಚನೆ

ಇಲಿ, ಹೆಗ್ಗಣ, ಅಳಿಲು, ಮುಳ್ಳುಹಂದಿ ಮುಂತಾದ ಪ್ರಾಣಿಗಳು ದಂಶಕ ಗಣಕ್ಕೆ ಸೇರುತ್ತವೆ. ಈಗ ಬದುಕಿರುವ ಸಸ್ತನಿ ಪ್ರಭೇದಗಳಲ್ಲಿ ಹೆಚ್ಚುಕಡಿಮೆ ಶೇಕಡ 40 ಭಾಗ ಈ ಗಣದವು. ಮೇಲೊಂದು ಜೊತೆ, ಕೆಳಗೊಂದು ಜೊತೆ ಬಾಚಿಹಲ್ಲುಗಳು, ಅವು ಜೀವಮಾನವಿಡೀ ಬೆಳೆಯುತ್ತಲೇ ಇರುವುದು ಈ ಗಣದ ಮುಖ್ಯ ಲಕ್ಷಣ. ಇಲಿಗೆ ಕೋರೆಹಲ್ಲಿಲ್ಲ, ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ಖಾಲಿ ಜಾಗವಿದೆ. ನಾಲ್ಕು ಬಾಚಿಹಲ್ಲು, ಹನ್ನೆರಡು ದವಡೆಹಲ್ಲು ಸೇರಿ ಅದರ ಹಲ್ಲುಗಳ ಸಂಖ್ಯೆ 16. ದವಡೆಹಲ್ಲುಗಳು ನಮ್ಮ ಹಲ್ಲುಗಳಂತೆ ಒಮ್ಮೆ ರೂಪುಗೊಂಡು ಬೇರು ಬಿಟ್ಟು ನಿಲ್ಲುತ್ತವೆ. ಬಾಚಿಹಲ್ಲು ಮಾತ್ರ ದಿನಕ್ಕೆ ಸುಮಾರು ಅರ್ಧ ಮಿಲಿಮೀಟರಿನಷ್ಟು ವಸಡಿನಿಂದ ಹೊರಬರುತ್ತದೆ, ಅಷ್ಟೇ ತುದಿಯಲ್ಲಿ ಸವೆಯುತ್ತದೆ. ಹೀಗೆ ಆರೇಳು ವಾರಗಳಲ್ಲಿ ಇಡೀ ಹಲ್ಲು ಹೊಸದಾಗಿರುತ್ತದೆ.

ಹಲ್ಲಿನ ಒಡಲು ಡೆಂಟಿನ್ ಎಂಬ ದ್ರವ್ಯದಿಂದಾದುದು. ಅದರ ಮೇಲೆ, ತುಟಿಯ ಕಡೆಗೆ ಮಾತ್ರ, ಎನಾಮೆಲ್ ಎಂಬ ಕಠಿಣ ಕವಚವಿರುತ್ತದೆ. ನಾಲಿಗೆಯ ಕಡೆ ಎನಾಮೆಲ್ ಇಲ್ಲ. ಮೃದುವಾದ ಹಿಂಬದಿ ಬೇಗ ಸವೆದು, ಗಡುಸಾದ ಮುಂಬದಿ ನಿಧಾನವಾಗಿ ಸವೆಯುವುದರಿಂದ ಬಡಗಿಯ ಉಳಿಯಂತೆ ಓರೆಯಾದ ಅಲಗು ತಾನಾಗಿಯೇ ಹರಿತಗೊಳ್ಳುತ್ತದೆ. ತೂಕದ ಲೆಕ್ಕದಲ್ಲಿ ಪಕ್ವ ಎನಾಮೆಲಿನ ಶೇಕಡ 96ರಷ್ಟು ಖನಿಜ. ಡೆಂಟಿನ್ನಿನಲ್ಲಿ ಅದು ಸುಮಾರು ಶೇಕಡ 70. ಎರಡರಲ್ಲಿಯೂ ಮುಖ್ಯ ಖನಿಜ ಕ್ಯಾಲ್ಸಿಯಂ ಫಾಸ್ಫೇಟಿನ ಒಂದು ರೂಪವಾದ ಹೈಡ್ರಾಕ್ಸಿಅಪಟೈಟ್. ಅದರ ಹರಳುಜಾಲದಲ್ಲಿ ಕಾರ್ಬೊನೇಟ್, ಮೆಗ್ನೀಷಿಯಂ, ಸೋಡಿಯಂ, ಫ್ಲೋರೈಡ್ ಮೊದಲಾದ ಅಯಾನುಗಳು ಅಲ್ಪಸ್ವಲ್ಪ ಪ್ರಮಾಣದಲ್ಲಿ ನುಸುಳಿಕೊಂಡಿರುತ್ತವೆ. ಆಹಾರದ ಪ್ರಭಾವ ಹಲ್ಲಿನ ರಾಸಾಯನಿಕ ರಚನೆಯನ್ನು ಮುಟ್ಟುವ ದಾರಿಗಳಲ್ಲಿ ಇದೂ ಒಂದು.

ಹಲ್ಲಿನ ಬುಡದಲ್ಲಿ, ದವಡೆಯ ಮೂಳೆಯೊಳಗೆ ಹುದುಗಿರುವ ತುದಿಯಲ್ಲಿ, ಹೊಸ ಕೋಶಗಳನ್ನು ಸದಾ ಒದಗಿಸುವ ಆಕರಕೋಶಗಳ ನೆಲೆಯಿದೆ. ಚಿಟ್ಟಿಲಿಯ ಬಾಚಿಹಲ್ಲಿನಲ್ಲಿ ಈ ನೆಲೆಯನ್ನು 1999ರಲ್ಲಿ ಹರಾಡ ಮತ್ತು ಸಂಗಡಿಗರು ಗುರುತಿಸಿದರು. ಅಲ್ಲಿ ಹುಟ್ಟಿದ ಎನಾಮೆಲ್‌ಜನಕ ಕೋಶಗಳು ಬೆಳೆಯುವ ಹಲ್ಲಿನ ಜೊತೆಯಲ್ಲಿಯೇ ಮುಂದೆ ಸಾಗುತ್ತ ತಮ್ಮ ಕೆಲಸವನ್ನು ಬದಲಿಸಿಕೊಳ್ಳುತ್ತವೆ. ಮೊದಲು ಸ್ರವಣ ಹಂತ: ಅಮೆಲೊಜೆನಿನ್ ಮುಂತಾದ ಪ್ರೋಟೀನುಗಳನ್ನು ಸುರಿಸಿ, ಅದರೊಳಗೆ ನೂಲಿನಂಥ ತೆಳುಹರಳುಗಳ ಹಂದರ ಕಟ್ಟುತ್ತವೆ. ನಂತರ ಕಿರಿದಾದ ಸಂಕ್ರಮಣ ಹಂತ. ಕೊನೆಯದು ದೀರ್ಘವಾದ ಪಕ್ವತಾ ಹಂತ: ಪ್ರೋಟೀನು ಕಿಣ್ವಗಳಿಂದ ಒಡೆದು ಹೊರಹೋಗುತ್ತದೆ, ಆ ಜಾಗಕ್ಕೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಬಂದು ಹರಳುಗಳು ದಪ್ಪಗಾಗುತ್ತವೆ. ಈ ಹಂತದಲ್ಲಿ ಕೋಶದ ತುದಿ ಒಮ್ಮೆ ನೆರಿಗೆಗಟ್ಟುತ್ತ, ಒಮ್ಮೆ ನುಣುಪಾಗುತ್ತ ಇಲಿಯಲ್ಲಿ ದಿನಕ್ಕೆ ಸುಮಾರು ಮೂರು ಸಲ ರೂಪ ಬದಲಿಸುತ್ತದೆ.

ಈ ವ್ಯವಸ್ಥೆ ಸಂಶೋಧಕನಿಗೆ ಬಹಳ ಅನುಕೂಲವಾದುದು. ಮನುಷ್ಯನ ಹಲ್ಲಿನಲ್ಲಿ ವರ್ಷಗಟ್ಟಲೆ ಹರಡಿಕೊಳ್ಳುವ ಹಂತಗಳೆಲ್ಲ ಇಲಿಯ ಒಂದೇ ಬಾಚಿಹಲ್ಲಿನಲ್ಲಿ, ಒಂದೇ ದಿನ, ಬುಡದಿಂದ ತುದಿಯವರೆಗೆ ಸಾಲಾಗಿ ದೊರೆಯುತ್ತವೆ. ಆಹಾರದಲ್ಲಿ ಯಾವ ದಿನ ಏನನ್ನು ಬದಲಿಸಿದೆವೋ ಅದರ ಗುರುತು ಯಾವ ಹಂತದ ಕೋಶದ ಕೆಳಗೆ ಬಿದ್ದಿದೆ ಎಂಬುದನ್ನು ಅಳೆದು ಹೇಳಬಹುದು. ಐಸಾಕ್ ಶೌರ್ ಮತ್ತು ಹಾಫ್‌ಮನ್ 1939ರಲ್ಲಿ ಪ್ರಕಟಿಸಿದ ಅಳತೆಗಳಂತೆ ಇಲಿಯ ಬಾಚಿಹಲ್ಲಿನ ಡೆಂಟಿನ್ ದಿನಕ್ಕೆ 16 ಮೈಕ್ರೊಮೀಟರಿನಷ್ಟು ಸೇರಿಕೆಯಾಗುತ್ತದೆ. ಮರದ ವಾರ್ಷಿಕ ಉಂಗುರಗಳ ಹೋಲಿಕೆಯನ್ನು ಇಲ್ಲಿ ಸಾಮಾನ್ಯವಾಗಿ ಕೊಡುವುದುಂಟು. ಆದರೆ ಇಲಿಯ ಹಲ್ಲಿನಲ್ಲಿ ಹಳೆಯ ಪುಟಗಳು ಸವೆದು ಹೋಗುವುದರಿಂದ ಅದರಲ್ಲಿ ಉಳಿದಿರುವುದು ಕಳೆದ ಆರೇಳು ವಾರಗಳ ದಾಖಲೆ ಮಾತ್ರ.

ಕ್ಯಾಲ್ಸಿಯಂ ಮತ್ತು ರಂಜಕ

ಬೆಳೆಯುವ ಇಲಿಗೆ ಒಂದು ಕಿಲೊಗ್ರಾಂ ಆಹಾರದಲ್ಲಿ 5 ಗ್ರಾಂ ಕ್ಯಾಲ್ಸಿಯಂ, 3 ಗ್ರಾಂ ರಂಜಕ ಇರಬೇಕೆಂದು ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಲಿ 1995ರಲ್ಲಿ ಶಿಫಾರಸು ಮಾಡಿದೆ. ಇವೆರಡರ ತೂಕದ ಅನುಪಾತ 1.67. ಹೈಡ್ರಾಕ್ಸಿಅಪಟೈಟಿನ ಅಣುಸೂತ್ರದಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಪರಮಾಣುಗಳ ಅನುಪಾತವೂ 10:6, ಅಂದರೆ 1.67. ಎರಡಕ್ಕೂ ಸಂಬಂಧ ಕಲ್ಪಿಸುವ ಆಸೆ ಯಾರಿಗಾದರೂ ಹುಟ್ಟೀತು. ಅದು ಕೇವಲ ಕಾಕತಾಳೀಯ. ಹರಳಿನಲ್ಲಿರುವ ಅನುಪಾತವನ್ನು ತೂಕಕ್ಕೆ ತಿರುಗಿಸಿದರೆ ಅದು 2.15 ಆಗುತ್ತದೆ.

ಕ್ಯಾಲ್ಸಿಯಂ ಕಡಿಮೆಯಾದ ಆಹಾರವನ್ನು ಇಲಿಗೆ ಕೊಟ್ಟಾಗ ಮೊದಲು ಸೊರಗುವುದು ಮೂಳೆ. ರಕ್ತದ ಕ್ಯಾಲ್ಸಿಯಂ ಮಟ್ಟ ಇಳಿಯತೊಡಗಿದ ಕೂಡಲೆ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು ಹೆಚ್ಚಿ, ಮೂಳೆಯನ್ನು ಕರಗಿಸಿ ಅಲ್ಲಿಂದ ಕ್ಯಾಲ್ಸಿಯಂ ತರುತ್ತದೆ. ಮೂಳೆಯನ್ನು ಸುಟ್ಟು ಬೂದಿಯನ್ನು ತೂಗಿದರೆ ಖನಿಜದ ಇಳಿಕೆ ಎದ್ದು ಕಾಣುತ್ತದೆ. ಅದೇ ಪ್ರಾಣಿಯ ಬಾಚಿಹಲ್ಲಿನ ಬೂದಿಯಲ್ಲಿ ಅಂಥ ಇಳಿಕೆ ಇರುವುದಿಲ್ಲ, ಇದ್ದರೂ ಅತ್ಯಲ್ಪ. ಗಾಂಟ್ ಮತ್ತು ಇರ್ವಿಂಗ್ ಇವರು 1940ರಲ್ಲಿ ಕ್ಯಾಲ್ಸಿಯಂ ಹಾಗೂ ರಂಜಕದ ಪ್ರಮಾಣಗಳನ್ನು ಬದಲಿಸುತ್ತ ಹಲ್ಲಿನ ರಚನೆಯನ್ನು ಪರಿಶೀಲಿಸಿದ್ದು ಈ ದಿಸೆಯ ಮುಖ್ಯ ಕೆಲಸಗಳಲ್ಲೊಂದು.

ಇದಕ್ಕೆ ಕಾರಣ ಅಂಗರಚನೆಯಲ್ಲಿಯೇ ಇದೆ. ಮೂಳೆಯನ್ನು ಜೀವಮಾನವಿಡೀ ಕರಗಿಸಿ ಮತ್ತೆ ಕಟ್ಟುವ ಕೋಶಗಳಿವೆ, ಅದರೊಳಗೆ ರಕ್ತನಾಳಗಳಿವೆ. ಎನಾಮೆಲಿಗೂ ಡೆಂಟಿನ್ನಿಗೂ ಈ ಎರಡೂ ಇಲ್ಲ. ಒಮ್ಮೆ ಹಲ್ಲಿನಲ್ಲಿ ಕೂತ ಕ್ಯಾಲ್ಸಿಯಂ ರಕ್ತಕ್ಕೆ ಹಿಂದಿರುಗುವ ದಾರಿಯಿಲ್ಲ. ಮರಿಗಳಿಗೆ ಹಾಲೂಡುವ ಹೆಣ್ಣಿಲಿಯ ಅಸ್ಥಿಪಂಜರ ಗಣನೀಯ ಪ್ರಮಾಣದ ಖನಿಜವನ್ನು ಕಳೆದುಕೊಳ್ಳುತ್ತದೆ. ಅದರ ಹಲ್ಲು ಕಳೆದುಕೊಳ್ಳುವುದಿಲ್ಲ. ತಾಯಿಯ ಹಲ್ಲನ್ನು ಮಗು ಹೀರಿಕೊಳ್ಳುತ್ತದೆಂಬ ಮಾತಿಗೆ ಆಧಾರವಿಲ್ಲವೆನ್ನುವುದು ಇದರಿಂದಲೇ. ಬಸುರಿನಲ್ಲಿ ಹಲ್ಲು ಕೆಡುವುದುಂಟು. ಅದಕ್ಕೆ ಕಾರಣಗಳನ್ನು ವಸಡಿನ ಉರಿಯೂತ, ವಾಂತಿಯ ಆಮ್ಲ, ಆಹಾರಕ್ರಮದ ಬದಲಾವಣೆ ಇವುಗಳಲ್ಲಿ ಹುಡುಕಬೇಕು.

ಹಾಗೆಂದು ರೂಪುಗೊಳ್ಳುತ್ತಿರುವ ಹಲ್ಲಿಗೆ ಕ್ಯಾಲ್ಸಿಯಂ ಕೊರತೆ ತಟ್ಟುವುದೇ ಇಲ್ಲವೆಂದಲ್ಲ. ಮೂಳೆಯ ಉಗ್ರಾಣ ತೆರೆದಿರುವವರೆಗೆ ಹಲ್ಲು ಸುರಕ್ಷಿತ. ಆ ಬಾಗಿಲು ಮುಚ್ಚಿದರೆ, ಅಥವಾ ಉಗ್ರಾಣದ ಪೂರೈಕೆಯೂ ಸಾಲದೆ ರಕ್ತದ ಮಟ್ಟವೇ ಕುಸಿದರೆ ಕಥೆ ಬೇರೆ. ಯಾಕೋಬ್ ಎರ್ಡ್‌ಹೈಮ್ 1906ರಷ್ಟು ಹಿಂದೆಯೇ ಇಲಿಗಳ ಪ್ಯಾರಾಥೈರಾಯ್ಡ್ ಗ್ರಂಥಿಗಳನ್ನು ತೆಗೆದು, ಅವುಗಳ ಬಾಚಿಹಲ್ಲಿನ ಡೆಂಟಿನ್ ಸರಿಯಾಗಿ ಖನಿಜಗೊಳ್ಳದಿರುವುದನ್ನೂ ಎನಾಮೆಲಿನಲ್ಲಿ ದೋಷಗಳು ಮೂಡುವುದನ್ನೂ ತೋರಿಸಿದ. ಕ್ಯಾಲ್ಸಿಯಂ ಮತ್ತು ಡಿ ಜೀವಸತ್ತ್ವ ಎರಡೂ ಇಲ್ಲದ ಆಹಾರ ಉಣ್ಣುವ ಇಲಿಗಳಲ್ಲಿಯೂ ಇದೇ ಬಗೆಯ ಚಿತ್ರ ಕಾಣುತ್ತದೆ: ಖನಿಜಗೊಳ್ಳದ ಡೆಂಟಿನ್ನಿನ ಪಟ್ಟಿ ಅಗಲವಾಗುತ್ತದೆ, ಎನಾಮೆಲ್ ತೆಳುವಾಗಿ ಗುಳಿಬೀಳುತ್ತದೆ. ಹಲ್ಲಿನ ಕೋಶಗಳಿಗೆ ಮುಖ್ಯವಾದುದು ರಕ್ತದಲ್ಲಿರುವ ಕ್ಯಾಲ್ಸಿಯಂ. ಅದು ಆಹಾರದಿಂದ ಬಂತೋ ತೊಡೆಯ ಮೂಳೆಯಿಂದ ಬಂತೋ ಎಂಬುದು ಅವುಗಳಿಗೆ ಲೆಕ್ಕಕ್ಕಿಲ್ಲ.

ಪ್ರಮಾಣಕ್ಕಿಂತ ಅನುಪಾತ ಮಾಡುವ ಕೆಲಸ ಇನ್ನೂ ಸೂಕ್ಷ್ಮವಾದುದು. ಸೋಬೆಲ್ ಮತ್ತು ಹನೋಕ್ 1948ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಇಲಿಯ ಆಹಾರದಲ್ಲಿ ಕ್ಯಾಲ್ಸಿಯಂ ಮತ್ತು ರಂಜಕದ ಅನುಪಾತವನ್ನು ಬದಲಿಸಿದಾಗ ರಕ್ತರಸದ ಕಾರ್ಬೊನೇಟ್–ಫಾಸ್ಫೇಟ್ ಅನುಪಾತ ಬದಲಾಗಿ, ಅದಕ್ಕೆ ತಕ್ಕಂತೆ ಹಲ್ಲಿನ ಹರಳಿನಲ್ಲಿಯೂ ಅದೇ ಅನುಪಾತ ಬದಲಾದದ್ದು ಕಂಡುಬಂತು. ಹೊರನೋಟಕ್ಕೆ ಹಲ್ಲು ಸಹಜವಾಗಿಯೇ ಇತ್ತು, ಒಟ್ಟು ಬೂದಿಯೂ ಹೆಚ್ಚು ಬದಲಾಗಿರಲಿಲ್ಲ. ಆದರೆ ಕಾರ್ಬೊನೇಟ್ ಹೆಚ್ಚಿರುವ ಹರಳು ಆಮ್ಲದಲ್ಲಿ ಬೇಗ ಕರಗುತ್ತದೆ. ಬೂದಿಯ ತೂಕವನ್ನಷ್ಟೇ ನೋಡಿ ಹಲ್ಲಿಗೆ ಏನೂ ಆಗಿಲ್ಲವೆಂದು ತೀರ್ಮಾನಿಸಬಾರದೆಂಬ ಎಚ್ಚರಿಕೆ ಈ ಪ್ರಯೋಗದಲ್ಲಿದೆ. ಇದಕ್ಕೆ ಆ ಕಾಲದಲ್ಲಿ ಸಿಗಬೇಕಾದಷ್ಟು ಗಮನ ಸಿಗಲಿಲ್ಲವೆಂದೇ ನನ್ನ ಭಾವನೆ.

ಮೆಗ್ನೀಷಿಯಂ, ಸತು

ಮೆಗ್ನೀಷಿಯಮ್ಮಿನ ಅಗತ್ಯ ಕ್ಯಾಲ್ಸಿಯಮ್ಮಿನ ಹತ್ತನೆಯ ಒಂದು ಪಾಲು ಮಾತ್ರ, ಕಿಲೊಗ್ರಾಂ ಆಹಾರಕ್ಕೆ ಅರ್ಧ ಗ್ರಾಂ. ಆದರೆ ಅದರ ಕೊರತೆಗೆ ಇಲಿ ಬಹುಬೇಗ ಪ್ರತಿಕ್ರಿಯಿಸುತ್ತದೆ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಮೆಕಾಲಮ್ಮನ ಬಳಗದವರು 1932ರಲ್ಲಿ ಮೆಗ್ನೀಷಿಯಂ ಇಲ್ಲದ ಆಹಾರ ಕೊಟ್ಟ ಇಲಿಗಳ ಕಿವಿ ಕೆಂಪಗಾಗಿ, ಕೆಲವೇ ದಿನಗಳಲ್ಲಿ ಸೆಳವು ಬಂದು ಸಾಯುವುದನ್ನು ವರ್ಣಿಸಿದರು. ಅದೇ ಬಳಗದ ಕ್ಲೈನ್, ಓರೆಂಟ್ ಮತ್ತು ಮೆಕಾಲಮ್ 1935ರಲ್ಲಿ ಈ ಕೊರತೆಯಿಂದ ಹಲ್ಲಿನಲ್ಲಿಯೂ ಅದರ ಆಧಾರ ಅಂಗಾಂಶಗಳಲ್ಲಿಯೂ ಆಗುವ ವ್ಯತ್ಯಾಸಗಳನ್ನು ದಾಖಲಿಸಿದರು. ಡೆಂಟಿನ್‌ಜನಕ ಕೋಶಗಳು ಕ್ಷೀಣಿಸಿ, ಡೆಂಟಿನ್ನಿನಲ್ಲಿ ಗೆರೆಗಳಂಥ ಪಟ್ಟೆಗಳು ಮೂಡುತ್ತವೆ. ಎನಾಮೆಲ್‌ಜನಕ ಪದರವೂ ಹಾಳಾಗುತ್ತದೆ. ಕ್ಯಾಲ್ಸಿಯಂ ಕೊರತೆಯಲ್ಲಿ ಕೆಡುವುದು ಮುಖ್ಯವಾಗಿ ಖನಿಜದ ಪೂರೈಕೆ. ಇಲ್ಲಿ ಕೆಡುವುದು ಕೆಲಸಗಾರ ಕೋಶವೇ. ನೂರಾರು ಕಿಣ್ವಗಳ ಚಟುವಟಿಕೆಗೆ ಮೆಗ್ನೀಷಿಯಂ ಬೇಕಾಗುವುದನ್ನು ನೆನೆದರೆ ಇದು ಆಶ್ಚರ್ಯವಲ್ಲ.

ಸತುವಿನ ಪಾತ್ರವೂ ಕಿಣ್ವದ ಮೂಲಕವೇ. ಸ್ರವಣ ಹಂತದಲ್ಲಿ ಅಮೆಲೊಜೆನಿನ್ನನ್ನು ಕತ್ತರಿಸುವ ಎಮ್‌ಎಮ್‌ಪಿ-20 ಎಂಬ ಕಿಣ್ವ ಸತುವಿಲ್ಲದೆ ಕೆಲಸ ಮಾಡದು. ಆದರೆ ಸತುವಿನ ಕೊರತೆಯ ಪ್ರಯೋಗ ಮಾಡುವುದು ಹೇಳಿದಷ್ಟು ಸುಲಭವಲ್ಲ. ಸತು ಲೇಪಿಸಿದ ತಂತಿಯ ಪಂಜರವನ್ನು ಇಲಿ ಕಡಿಯುತ್ತದೆ, ತನ್ನ ಹಿಕ್ಕೆಯನ್ನು ತಾನೇ ತಿನ್ನುತ್ತದೆ. ಆಹಾರದಿಂದ ತೆಗೆದ ಸತು ಬೇರೆ ದಾರಿಯಿಂದ ಹೊಟ್ಟೆ ಸೇರುತ್ತದೆ.

ಕಿತ್ತಳೆ ಬಣ್ಣದ ಕಬ್ಬಿಣ

ವಯಸ್ಕ ಇಲಿಯ ಬಾಚಿಹಲ್ಲಿನ ಮುಂಬದಿ ಹಳದಿ ಅಥವಾ ಕಿತ್ತಳೆ ಬಣ್ಣದ್ದಾಗಿರುತ್ತದೆ. ಕೊಳೆಯೆಂದು ಭಾವಿಸುವವರಿದ್ದಾರೆ. ಅದು ಕಬ್ಬಿಣಕ್ಕೆ ಸಂಬಂಧಿಸಿದ ಬಣ್ಣ. ಎನಾಮೆಲ್‌ಜನಕ ಕೋಶಗಳು ಕಬ್ಬಿಣವನ್ನು ಫೆರಿಟಿನ್ ಪ್ರೋಟೀನಿನಲ್ಲಿ ಕೂಡಿಟ್ಟುಕೊಂಡು, ಪಕ್ವತಾ ಹಂತದ ಕೊನೆಕೊನೆಗೆ ಎನಾಮೆಲಿನ ಹೊರಪದರಕ್ಕೆ ಬಿಡುಗಡೆ ಮಾಡುತ್ತವೆ. ಆಹಾರದಲ್ಲಿ ಕಬ್ಬಿಣ ಸಾಲದೆ ರಕ್ತಹೀನತೆಯಾದ ಇಲಿಯ ಹಲ್ಲು ಬಿಳಿಚಿಕೊಳ್ಳುತ್ತದೆ. ಹಲ್ಲು ಮುಂದೆ ಸರಿಯುತ್ತಲೇ ಇರುವುದರಿಂದ, ಕೊರತೆ ಶುರುವಾದ ಮೇಲೆ ಬಣ್ಣವಿಲ್ಲದ ಭಾಗ ವಸಡಿನ ಕಡೆಯಿಂದ ಮೇಲೇರುತ್ತ ಬರುವುದನ್ನು ಬರಿಗಣ್ಣಿನಿಂದಲೇ ನೋಡಬಹುದು. ಆದರೆ ಬಿಳಿ ಹಲ್ಲೆಲ್ಲ ಕಬ್ಬಿಣದ ಕೊರತೆಯ ಸಾಕ್ಷಿಯಲ್ಲ. ಇ ಜೀವಸತ್ತ್ವದ ಕೊರತೆಯಲ್ಲಿ, ಫ್ಲೋರೈಡ್ ಹೆಚ್ಚಾದಾಗ, ಕೆಲವು ವಂಶವಾಹಿ ದೋಷಗಳಲ್ಲಿ ಕೂಡ ಬಣ್ಣ ಮಾಯವಾಗುತ್ತದೆ. ಎನ್‌ಆರ್‌ಎಫ್-2 ಎಂಬ ಪ್ರೋಟೀನಿಲ್ಲದ ಚಿಟ್ಟಿಲಿಗಳ ಹಲ್ಲು ಬಿಳಿಯಾಗುವುದನ್ನೂ, ಅವುಗಳ ಎನಾಮೆಲ್ ಅಂಗದಲ್ಲಿ ಕಬ್ಬಿಣದ ಸಾಗಣೆ ಕೆಟ್ಟಿರುವುದನ್ನೂ 2004ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು.

ಈ ಕಬ್ಬಿಣದ ಉಪಯೋಗವೇನು ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರ ದೊರೆತದ್ದು ತೀರ ಈಚೆಗೆ. ಗಾರ್ಡನ್, ಜೋಸ್ಟರ್ ಮತ್ತು ಸಂಗಡಿಗರು 2015ರಲ್ಲಿ ಪರಮಾಣು ಮಟ್ಟದ ವಿಶ್ಲೇಷಣೆಯಿಂದ ಕಂಡುಕೊಂಡಂತೆ, ಎನಾಮೆಲಿನ ಹರಳುಗಳ ನಡುವಿನ ಅತಿ ಕಿರಿದಾದ ಸಂದುಗಳಲ್ಲಿ ಹರಳುಗಟ್ಟದ ಖನಿಜವೊಂದಿದೆ. ಬಣ್ಣವಿಲ್ಲದ ಭಾಗದಲ್ಲಿ ಅದು ಮೆಗ್ನೀಷಿಯಂ ಹೆಚ್ಚಿರುವ ಕ್ಯಾಲ್ಸಿಯಂ ಫಾಸ್ಫೇಟ್, ಬಣ್ಣದ ಭಾಗದಲ್ಲಿ ಕಬ್ಬಿಣ ಹೆಚ್ಚಿರುವ ಮಿಶ್ರಣ. ಕಬ್ಬಿಣವುಳ್ಳ ಎನಾಮೆಲ್ ಹೆಚ್ಚು ಗಡುಸು, ಆಮ್ಲಕ್ಕೆ ಹೆಚ್ಚು ನಿರೋಧಕ. ಹರಳು ಒಂದೇ ಆಗಿದ್ದು ಸಂದಿನಲ್ಲಿರುವ ಅತ್ಯಲ್ಪ ಖನಿಜ ಬದಲಾದರೆ ಹಲ್ಲಿನ ಗುಣವೇ ಬದಲಾಗುತ್ತದೆ ಎಂಬ ಈ ತಿಳಿವಳಿಕೆ, ಆಹಾರದ ಸೂಕ್ಷ್ಮ ಖನಿಜಗಳ ಬಗೆಗಿನ ಹಳೆಯ ಪ್ರಯೋಗಗಳನ್ನು ಮತ್ತೊಮ್ಮೆ ಓದುವಂತೆ ಮಾಡಿದೆ.

ಫ್ಲೋರೈಡ್: ಇಲಿಯ ಹಲ್ಲು ಬಿಡಿಸಿದ ಒಗಟು

ಆಹಾರದ ಖನಿಜಗಳಲ್ಲಿ ಮನುಷ್ಯನ ಆರೋಗ್ಯದ ಇತಿಹಾಸದೊಡನೆ ಇಲಿಯ ಹಲ್ಲನ್ನು ನೇರವಾಗಿ ಬೆಸೆದದ್ದು ಫ್ಲೋರೈಡ್. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಪಟ್ಟಣದ ಜನರ ಹಲ್ಲುಗಳ ಮೇಲೆ ಕಂದು ಕಲೆಗಳಿರುವುದನ್ನು ದಂತವೈದ್ಯ ಫ್ರೆಡರಿಕ್ ಮೆಕೇ 1901ರಲ್ಲಿ ಗಮನಿಸಿದ. ಆ ಕಲೆ ಅಲ್ಲಿಯೇ ಹುಟ್ಟಿ ಬೆಳೆದವರಲ್ಲಿ ಮಾತ್ರ ಕಾಣುತ್ತಿತ್ತು. ದೊಡ್ಡವರಾದ ಮೇಲೆ ಬಂದು ನೆಲೆಸಿದವರಿಗೆ ಇರಲಿಲ್ಲ. ಕಾರಣ ನೀರಿನಲ್ಲಿದೆಯೆಂಬ ಗುಮಾನಿ ಬಲವಾಗುತ್ತ ಹೋದರೂ ನೀರಿನಲ್ಲಿ ಏನಿದೆ ಎಂಬುದು ಮೂರು ದಶಕಗಳ ಕಾಲ ತಿಳಿಯಲಿಲ್ಲ.

ಈ ನಡುವೆ 1925ರಲ್ಲಿ ಮೆಕಾಲಮ್ ಮತ್ತು ಸಂಗಡಿಗರು ಇಲಿಯ ಆಹಾರಕ್ಕೆ ಫ್ಲೋರಿನ್ ಸೇರಿಸಿದರೆ ಬಾಚಿಹಲ್ಲುಗಳ ಗುಣ ಕೆಡುತ್ತದೆಂದು ವರದಿ ಮಾಡಿದ್ದರು. ಕಲೆಹಲ್ಲಿಗೂ ಇದಕ್ಕೂ ನಂಟಿರಬಹುದೆಂದು ಆಗ ಯಾರಿಗೂ ಹೊಳೆದಂತಿಲ್ಲ. ಆ ನಂಟನ್ನು ಹಿಡಿದವರು ಅರಿಜೋನ ವಿಶ್ವವಿದ್ಯಾಲಯದ ಪೋಷಣಶಾಸ್ತ್ರಜ್ಞೆ ಮಾರ್ಗರೆಟ್ ಕ್ಯಾಮಕ್ ಸ್ಮಿತ್, ಅವರ ಪತಿ ರಸಾಯನಶಾಸ್ತ್ರಜ್ಞ ಹೋವರ್ಡ್ ಸ್ಮಿತ್ ಮತ್ತು ಈಡಿತ್ ಲಾಂಟ್ಜ್. ಸೇಂಟ್ ಡೇವಿಡ್ ಎಂಬ ಊರಿನ ಮಕ್ಕಳಲ್ಲಿ ಕಲೆಹಲ್ಲು ವ್ಯಾಪಕವಾಗಿತ್ತು. ಅವರು ಅಲ್ಲಿನ ನೀರನ್ನು ಹತ್ತನೆಯ ಒಂದು ಪಾಲಿಗೆ ಇಂಗಿಸಿ ಇಲಿಗಳಿಗೆ ಕೊಟ್ಟರು. ಇಲಿಗಳ ಬಾಚಿಹಲ್ಲು ಹೊಳಪು ಕಳೆದುಕೊಂಡು ಬೆಳ್ಳಗಾಯಿತು. ಫ್ಲೋರೈಡ್ ತಿನ್ನಿಸಿದ ಇಲಿಗಳ ಹಲ್ಲಿಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಇದು 1931ರಲ್ಲಿ. ಅದೇ ವರ್ಷ ಅಲ್ಯುಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಚರ್ಚಿಲ್, ಅರ್ಕಾನ್ಸಾಸಿನ ಬಾಕ್ಸೈಟ್ ಎಂಬ ಊರಿನ ನೀರಿನಲ್ಲಿ ದಶಲಕ್ಷಕ್ಕೆ 13.7 ಭಾಗ ಫ್ಲೋರೈಡ್ ಇರುವುದನ್ನು ಬೇರೆಯೇ ದಾರಿಯಿಂದ ಕಂಡುಹಿಡಿದ. ಉತ್ತರ ಆಫ್ರಿಕದ ಫಾಸ್ಫೇಟ್ ಪ್ರದೇಶಗಳಲ್ಲಿ ಜಾನುವಾರುಗಳನ್ನು ಕಾಡುತ್ತಿದ್ದ ಹಲ್ಲಿನ ರೋಗಕ್ಕೆ ಪಶುವೈದ್ಯ ವೆಲು ಇದೇ ಕಾರಣವನ್ನು ಸೂಚಿಸಿದ. ರಾಸಾಯನಿಕ ವಿಶ್ಲೇಷಣೆ ಫ್ಲೋರೈಡ್ ಇದೆಯೆಂದು ಹೇಳಬಲ್ಲುದಾಗಿತ್ತು. ಹಲ್ಲನ್ನು ಕೆಡಿಸುವುದು ಅದೇ ಎಂದು ಹೇಳುವುದಕ್ಕೆ ಇಲಿಯೇ ಬೇಕಾಯಿತು.

ಇದರ ಮುಂದಿನ ಹೆಜ್ಜೆಯೂ ಅಷ್ಟೇ ಸ್ವಾರಸ್ಯಕರ. 1934ರಲ್ಲಿ ಶೌರ್ ಮತ್ತು ಮಾರ್ಗರೆಟ್ ಸ್ಮಿತ್ ಇಲಿಗಳಿಗೆ ಸೋಡಿಯಂ ಫ್ಲೋರೈಡಿನ ಚುಚ್ಚುಮದ್ದು ಕೊಟ್ಟು ಹಲ್ಲನ್ನು ಸೀಳಿ ನೋಡಿದಾಗ, ಪ್ರತಿಯೊಂದು ಚುಚ್ಚುಮದ್ದಿಗೆ ಪ್ರತಿಯಾಗಿ ಡೆಂಟಿನ್ನಿನಲ್ಲಿ ಖನಿಜ ಕಡಿಮೆಯಿರುವ ಒಂದು ಪಟ್ಟೆ, ಅದರ ಪಕ್ಕದಲ್ಲಿ ಖನಿಜ ಹೆಚ್ಚಿರುವ ಒಂದು ಪಟ್ಟೆ ಜೊತೆಯಾಗಿ ಕಂಡವು. ಎಷ್ಟು ಸಲ ಚುಚ್ಚಿದರೆ ಅಷ್ಟು ಜೊತೆ. ಫ್ಲೋರೈಡ್ ಹಲ್ಲಿಗೆ ಹೊರಗಿನಿಂದ ಅಂಟುವ ಕಲೆಯಲ್ಲ, ರಕ್ತದ ಮೂಲಕ ಬಂದು ರೂಪುಗೊಳ್ಳುತ್ತಿರುವ ಅಂಗಾಂಶಕ್ಕೆ ಮಾತ್ರ ತಟ್ಟುವ ಪೆಟ್ಟು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿರಲಿಲ್ಲ.

ಪೆಟ್ಟು ಬೀಳುವ ಬಗೆ ಹೇಗೆ ಎಂಬುದು ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ. ಫ್ಲೋರೈಡ್ ತಟ್ಟಿದ ಎನಾಮೆಲಿನಲ್ಲಿ ಪಕ್ವತಾ ಹಂತದಲ್ಲಿ ಹೊರಹೋಗಬೇಕಾದ ಅಮೆಲೊಜೆನಿನ್ ತಡವಾಗಿ ಹೊರಹೋಗುತ್ತದೆ. ಹರಳುಗಳು ತುಂಬಿಕೊಳ್ಳಲು ಜಾಗವಿಲ್ಲದೆ ಎನಾಮೆಲ್ ಸರಂಧ್ರವಾಗಿ ಉಳಿಯುತ್ತದೆ. ಆ ರಂಧ್ರಗಳೇ ಬೆಳಕನ್ನು ಚೆದುರಿಸಿ ಸುಣ್ಣ ಬಳಿದಂತೆ ಕಾಣಿಸುತ್ತವೆ. ಒಂದು ವಿವರಣೆ ಆಮ್ಲೀಯತೆಯನ್ನು ಆಧರಿಸಿದುದು. ಹತ್ತು ಕ್ಯಾಲ್ಸಿಯಂ ಅಯಾನು, ಆರು ಹೈಡ್ರೊಜನ್ ಫಾಸ್ಫೇಟ್ ಅಯಾನು ಸೇರಿ ಒಂದು ಘಟಕ ಹೈಡ್ರಾಕ್ಸಿಅಪಟೈಟ್ ಆಗುವಾಗ ಎಂಟು ಹೈಡ್ರೊಜನ್ ಅಯಾನುಗಳು ಬಿಡುಗಡೆಯಾಗುತ್ತವೆ. ಎನಾಮೆಲ್‌ಜನಕ ಕೋಶಗಳು ಬೈಕಾರ್ಬೊನೇಟ್ ಸುರಿಸಿ ಈ ಆಮ್ಲವನ್ನು ತಣಿಸುತ್ತವೆ. ಫ್ಲೋರೈಡ್ ಹರಳುಗಟ್ಟುವಿಕೆಯನ್ನು ತ್ವರೆಗೊಳಿಸುವುದರಿಂದ ಆಮ್ಲ ಹೆಚ್ಚಿ ಕೋಶದ ಲಯ ತಪ್ಪುತ್ತದೆಂಬುದು ವಾದ. ಇಲಿಯ ಹಲ್ಲಿನಲ್ಲಿ ಬಣ್ಣದ ಮತ್ತು ಬಿಳಿಯ ಪಟ್ಟೆಗಳು ಒಂದರ ಮೇಲೊಂದು ಬರುವುದನ್ನು ಇಂಥ ಲಯಭಂಗದೊಡನೆ ಹೊಂದಿಸಿ ನೋಡುವವರಿದ್ದಾರೆ.

ವಂಶದ ಪಾತ್ರವೂ ಕಡಿಮೆಯದಲ್ಲ. ಎವರೆಟ್ ಮತ್ತು ಸಂಗಡಿಗರು 2002ರಲ್ಲಿ ಬೇರೆಬೇರೆ ಶುದ್ಧವಂಶಗಳ ಚಿಟ್ಟಿಲಿಗಳಿಗೆ ಒಂದೇ ಪ್ರಮಾಣದ ಫ್ಲೋರೈಡ್ ಕೊಟ್ಟು ಹೋಲಿಸಿದಾಗ, ಎ/ಜೆ ವಂಶದವು ಬೇಗ ಈಡಾದವು, 129ಪಿ3/ಜೆ ವಂಶದವು ಹೆಚ್ಚುಕಡಿಮೆ ತಡೆದುಕೊಂಡವು. ಒಂದೇ ಬಾವಿಯ ನೀರು ಕುಡಿದ ಒಡಹುಟ್ಟಿದವರ ಹಲ್ಲುಗಳು ಬೇರೆಬೇರೆಯಾಗಿರುವುದನ್ನು ನೋಡಿದವರಿಗೆ ಇದು ಅಚ್ಚರಿಯಾಗದು.

ಇಲಿಯಿಂದ ಮನುಷ್ಯನಿಗೆ

ಇಷ್ಟೆಲ್ಲ ಹೇಳಿದ ಮೇಲೆ, ಇಲಿಯ ಫಲಿತಾಂಶವನ್ನು ಮನುಷ್ಯನಿಗೆ ಅನ್ವಯಿಸುವಾಗ ಎಲ್ಲಿ ಎಡವುತ್ತೇವೆ ಎಂಬುದನ್ನೂ ಹೇಳಬೇಕು. ಮೊದಲನೆಯದು ಪ್ರಮಾಣ. ಮನುಷ್ಯನಲ್ಲಿ ಕಲೆಹಲ್ಲು ಉಂಟುಮಾಡುವ ಫ್ಲೋರೈಡಿನ ಸುಮಾರು ಹತ್ತು ಪಟ್ಟು ಇಲಿಯ ಕುಡಿಯುವ ನೀರಿನಲ್ಲಿರಬೇಕಾಗುತ್ತದೆ. ಸ್ಮಿತ್ ದಂಪತಿಗಳು ನೀರನ್ನು ಇಂಗಿಸಿ ಕೊಟ್ಟದ್ದರ ಔಚಿತ್ಯ ಇಲ್ಲಿ ಅರಿವಾಗುತ್ತದೆ. ಇದರಿಂದ ಇಲಿಯ ಹಲ್ಲು ಹತ್ತು ಪಟ್ಟು ಗಟ್ಟಿಯೆಂದು ತಿಳಿಯುವುದೂ ತಪ್ಪು. ರಕ್ತರಸದ ಫ್ಲೋರೈಡ್ ಮಟ್ಟವನ್ನು ಅಳೆದು ಹೋಲಿಸಿದರೆ ಎರಡು ಪ್ರಾಣಿಗಳ ನಡುವಿನ ಅಂತರ ಬಹಳ ಕಿರಿದಾಗುತ್ತದೆ.

ಎರಡನೆಯದು ಪ್ರಯೋಗದ ಆಹಾರ. ಅಮೆರಿಕದ ಪೋಷಣ ಸಂಸ್ಥೆ 1977ರಲ್ಲಿ ಪ್ರಕಟಿಸಿದ ಶುದ್ಧೀಕೃತ ಆಹಾರಸೂತ್ರವನ್ನು ಪ್ರಪಂಚದಾದ್ಯಂತ ಬಳಸಲಾಯಿತು. ಅದರಲ್ಲಿ ರಂಜಕದ ಪಾಲು ಹೆಚ್ಚಾಗಿ ಹೆಣ್ಣಿಲಿಗಳ ಮೂತ್ರಪಿಂಡದಲ್ಲಿ ಸುಣ್ಣ ಕಟ್ಟುತ್ತಿತ್ತು. 1993ರ ಪರಿಷ್ಕೃತ ಸೂತ್ರದಲ್ಲಿ ಇದನ್ನು ಸರಿಪಡಿಸಿ, ಫ್ಲೋರೈಡ್ ಸೇರಿದಂತೆ ಕೆಲವು ಅತಿಸೂಕ್ಷ್ಮ ಖನಿಜಗಳನ್ನೂ ಸೇರಿಸಲಾಯಿತು. ಹಾಗಾಗಿ ಎರಡು ಕಾಲಘಟ್ಟಗಳ ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವಾಗ ಆಹಾರಸೂತ್ರ ಯಾವುದೆಂದು ಮೊದಲು ನೋಡಬೇಕು. ಕೊರತೆಯ ಆಹಾರವನ್ನು ಇಲಿ ಕಡಿಮೆ ತಿನ್ನುತ್ತದೆ. ಬರಿಯ ಅರೆಹೊಟ್ಟೆಯಿಂದಲೂ ಹಲ್ಲಿನ ಬೆಳವಣಿಗೆ ನಿಧಾನವಾಗುತ್ತದೆ. ಕೊರತೆಯ ಇಲಿ ತಿಂದಷ್ಟೇ ಆಹಾರವನ್ನು ತೂಗಿ ಹೋಲಿಕೆಯ ಇಲಿಗೂ ಕೊಡುವ ಕ್ರಮವಿಲ್ಲದ ಪ್ರಯೋಗಗಳನ್ನು ಬದಿಗಿರಿಸುವುದು ಲೇಸು. ಹಿಟ್ಟಿನಂಥ ಮೆತ್ತಗಿನ ಆಹಾರದಲ್ಲಿ ಹಲ್ಲು ಸವೆಯದೆ ಉದ್ದ ಬೆಳೆಯುವುದೂ ಉಂಟು, ಅದಕ್ಕೆ ಖನಿಜದ ಸಂಬಂಧವೇ ಇರದು. ಕಾಡಿನಲ್ಲಿ ಮುಳ್ಳುಹಂದಿ ಉದುರಿದ ಜಿಂಕೆಕೊಂಬನ್ನೂ ಒಣಮೂಳೆಯನ್ನೂ ಕಡಿಯುವುದು ಖನಿಜಕ್ಕಾಗಿಯೋ ಹಲ್ಲು ಸವೆಸಲೋ ಎಂಬ ಚರ್ಚೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಯಾವ ಹಲ್ಲು ಎಂಬುದು. ಮನುಷ್ಯನ ಹಲ್ಲಿಗೆ ಸರಿಯಾದ ಹೋಲಿಕೆ ಇಲಿಯ ದವಡೆಹಲ್ಲೇ ಹೊರತು ಬಾಚಿಹಲ್ಲಲ್ಲ. ಇಲಿಮರಿಯ ಮೊದಲ ದವಡೆಹಲ್ಲು ಹುಟ್ಟಿದ 19ನೆಯ ದಿನದ ಹೊತ್ತಿಗೆ, ಎರಡನೆಯದು ಅದಾದ ಎರಡು ಮೂರು ದಿನಕ್ಕೆ, ಮೂರನೆಯದು ಸುಮಾರು 35ನೆಯ ದಿನಕ್ಕೆ ಹೊರಬರುತ್ತದೆ. ಮೊದಲೆರಡರ ಎನಾಮೆಲ್ ರೂಪುಗೊಳ್ಳುವುದು ಮರಿ ಹಾಲು ಕುಡಿಯುತ್ತಿರುವಾಗ. ತಾಯಿಯ ಆಹಾರದ ಏರುಪೇರು ಹಾಲಿನ ಜರಡಿಯಲ್ಲಿ ಸೋಸಿಕೊಂಡು ಮರಿಯನ್ನು ತಲುಪುತ್ತದೆ. ಎಲ್ಲವೂ ಸೋಸುವುದಿಲ್ಲ. ರಾಚೆಸ್ಟರಿನಲ್ಲಿ ಬೋವೆನ್ ಬಳಗದವರು 1997ರಲ್ಲಿ ತಾಯಿಲಿಗಳಿಗೆ ಸೀಸ ಬೆರೆತ ನೀರು ಕುಡಿಸಿದಾಗ ಮರಿಗಳ ದಂತಕ್ಷಯ ಸುಮಾರು ಶೇಕಡ 40ರಷ್ಟು ಹೆಚ್ಚಿತು. ಬಾಚಿಹಲ್ಲಿನಲ್ಲಾದರೆ ತಪ್ಪನ್ನು ತಿದ್ದಿಕೊಳ್ಳಲು ಅವಕಾಶವಿದೆ: ಫ್ಲೋರೈಡ್ ನಿಲ್ಲಿಸಿದ ಆರೇಳು ವಾರಗಳಲ್ಲಿ ಕೆಟ್ಟ ಭಾಗವೆಲ್ಲ ಸವೆದು ಒಳ್ಳೆಯ ಹಲ್ಲು ಬಂದಿರುತ್ತದೆ. ದವಡೆಹಲ್ಲಿಗೆ ಆ ಅವಕಾಶವಿಲ್ಲ. ನಮ್ಮ ಯಾವ ಹಲ್ಲಿಗೂ ಇಲ್ಲ.

ದಕ್ಷಿಣ ಭಾರತದಲ್ಲಿ ಈ ಮಾತಿಗೆ ಇರುವ ತೂಕವನ್ನು ಬಿಡಿಸಿ ಹೇಳಬೇಕಿಲ್ಲ. ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಫ್ಲೋರೋಸಿಸ್ ರೋಗವನ್ನು ಶಾರ್ಟ್, ಪಂಡಿತ್ ಮತ್ತು ರಾಘವಾಚಾರಿ 1937ರಲ್ಲಿ ವರದಿ ಮಾಡಿದರು. ಕರ್ನಾಟಕದಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಅನೇಕ ಕಡೆ ಕಲ್ಲುಪದರದಲ್ಲಿ ಇಳಿದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಣೀಯ ಮಿತಿ, ಬೇರೆ ನೀರು ಇಲ್ಲದಿದ್ದಲ್ಲಿ 1.5. ಕ್ಯಾಲ್ಸಿಯಂ ಸಮೃದ್ಧವಾಗಿರುವ ಆಹಾರ ಕರುಳಿನಲ್ಲಿ ಫ್ಲೋರೈಡಿನ ಒಂದು ಭಾಗವನ್ನು ಕರಗದಂತೆ ಕಟ್ಟಿಹಾಕಿ ಹೀರಿಕೆಯನ್ನು ತಗ್ಗಿಸುತ್ತದೆಂಬುದು ಇಲಿಗಳ ಮೇಲಿನ ಪ್ರಯೋಗಗಳಿಂದ ಸ್ಥಿರಪಟ್ಟಿದೆ. ನೂರು ಗ್ರಾಮಿಗೆ 350 ಮಿಲಿಗ್ರಾಮಿನ ಆಸುಪಾಸಿನಲ್ಲಿ ಕ್ಯಾಲ್ಸಿಯಂ ಇರುವ ರಾಗಿಯನ್ನು ಉಣ್ಣುವ ಸೀಮೆಗಳಲ್ಲಿಯೂ ಕಲೆಹಲ್ಲು ಇರುವುದನ್ನು ನೋಡಿದರೆ, ಆಹಾರದಿಂದ ನೀರಿನ ದೋಷವನ್ನು ಪೂರ್ತಿ ತುಂಬಿಕೊಳ್ಳಲಾಗದೆಂಬುದೂ ಅಷ್ಟೇ ಸ್ಪಷ್ಟ.

ಮಗುವಿನ ಶಾಶ್ವತ ಬಾಚಿಹಲ್ಲುಗಳ ಮುಂಬದಿಯ ಎನಾಮೆಲ್ ರೂಪುಗೊಳ್ಳುವುದು ಹುಟ್ಟಿದ ಕೆಲವು ತಿಂಗಳಿಂದ ಸುಮಾರು ನಾಲ್ಕೈದು ವರ್ಷದೊಳಗೆ. ಕೊನೆಯ ದವಡೆಹಲ್ಲನ್ನು ಬಿಟ್ಟರೆ ಉಳಿದವು ಎಂಟರ ಹೊತ್ತಿಗೆ ಮುಗಿದಿರುತ್ತವೆ. ಫ್ಲೋರೈಡ್ ತೆಗೆದ ನೀರಿನ ಘಟಕವನ್ನು ಶಾಲೆಯ ಅಂಗಳದಲ್ಲಿ ಸ್ಥಾಪಿಸುವುದು ಒಳ್ಳೆಯದೇ, ಅದರಿಂದ ಮೂಳೆಗೆ ರಕ್ಷಣೆಯಿದೆ. ಆದರೆ ಆ ಮಗು ಶಾಲೆಗೆ ಸೇರುವ ಹೊತ್ತಿಗೆ ಮುಂದಿನ ನಾಲ್ಕು ಹಲ್ಲುಗಳ ಎನಾಮೆಲ್ ವಸಡಿನೊಳಗೆ ಆಗಲೇ ಸಿದ್ಧವಾಗಿರುತ್ತದೆ. ಹಲ್ಲಿನ ದೃಷ್ಟಿಯಿಂದ ಆ ನೀರು ಮೊದಲು ತಲುಪಬೇಕಾದುದು ಅಂಗನವಾಡಿಗೆ, ಅದಕ್ಕೂ ಮೊದಲು ಎದೆಹಾಲು ಬಿಡಿಸಿ ಗಂಜಿ ಕುಡಿಸತೊಡಗಿದ ಕೂಸಿರುವ ಮನೆಗೆ.